ಮೊಳಕೆ ನೋಡಿ ಪೈರು ಅಳೆಯಬಹುದೇ?

ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತಾಗುತ್ತದೆ ಎಂಬ ಮಾತನ್ನು ಸೈಕಲ್ ರೇಸಿಂಗ್ ತಂಡಗಳು ಈಗ ತೀರಾ ಗಟ್ಟಿಯಾಗಿ ನಂಬಿಬಿಟ್ಟಿವೆ. ಈ ನಂಬಿಕೆಗೆ ಬಲ ಕೊಟ್ಟವರು ಬೆಲ್ಜಿಯಂನ ರೆಮ್ಕೊ ಎವನೆಪೂಲ್. ಫುಟ್‌ಬಾಲ್ ಬಿಟ್ಟು 2017ರಲ್ಲಷ್ಟೇ ಸೈಕಲ್ ರೇಸಿಗೆ ಬಂದ ಅವರು, ಮರುವರ್ಷ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಜೂನಿಯರ್ ವಿಭಾಗದ ರೋಡ್ ರೇಸ್, ಟೈಮ್ ಟ್ರಯಲ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದರು. 23 ವರ್ಷದೊಳಗಿನವರ ಹಂತವನ್ನು ಬಿಟ್ಟು 2019ರಲ್ಲಿ ನೇರವಾಗಿ ವೃತ್ತಿಪರ ತಂಡ ಸೇರಿ, ಹತ್ತೊಂಬತ್ತನೇ ವಯಸ್ಸಿಗೇ ಸ್ಪೇನಿನ ಸಾನ್ ಸೆಬಾಸ್ಟಿಯನ್ ಕ್ಲಾಸಿಕ್ ಗೆದ್ದರು. ಅಲ್ಲಿಂದೀಚೆಗೆ ತಂಡಗಳು ಹದಿನೇಳು, ಹದಿನೆಂಟರ ಹುಡುಗರ ಬೆನ್ನು ಹತ್ತಿವೆ. ಇದು ಅವಸರದ ನಡೆ ಎಂದೇ ನನ್ನ ವಾದ.

ಜೂನಿಯರ್ ರೇಸ್ ಪರೀಕ್ಷಿಸುವುದೇ ಬೇರೆ. ಇನ್ಸ್‌ಬ್ರುಕ್‌ನಲ್ಲಿ ಜೂನಿಯರ್‌ಗಳು ಓಡಿಸಿದ್ದು ಸುಮಾರು 130 ಕಿಲೋಮೀಟರ್. ಹಿರಿಯರ ರೇಸ್ ಹೆಚ್ಚುಕಡಿಮೆ ಅದರ ಎರಡರಷ್ಟು. ಅಷ್ಟು ಚಿಕ್ಕ ದೂರದಲ್ಲಿ, ಬೇಗ ಬಲಿತ ಮೈಯ ಹುಡುಗ ಗುಂಪನ್ನು ಸುಮ್ಮನೆ ಬಿಟ್ಟು ಹೋಗಿಬಿಡಬಲ್ಲ. ವೃತ್ತಿಪರರ ರೇಸಿನಲ್ಲಿ ಹಾಗೆ ಬಿಟ್ಟು ಹೋಗಲು ಯಾರೂ ಬಿಡುವುದಿಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿ ಒತ್ತೊತ್ತಾಗಿ ಸಾಗುತ್ತಾರೆ. ಮುಂದಿನವನ ಹಿಂಚಕ್ರಕ್ಕೂ ತನ್ನ ಮುಂಚಕ್ರಕ್ಕೂ ನಡುವೆ ಒಂದೆರಡು ಗೇಣು ಜಾಗ. ಆ ಗಾಳಿಮರೆಯಲ್ಲಿ ನಿಂತವನಿಗೆ ದೊಡ್ಡ ಪಾಲಿನ ಶ್ರಮ ಉಳಿಯುತ್ತದೆ. ಆ ಜಾಗ ಹಿಡಿಯುವುದು, ತಿರುವಿಗೆ ಮೊದಲೇ ಮುಂದೆ ಸೇರುವುದು, ತಂಡದ ಕಾರಿನವರೆಗೆ ಹಿಂದೆ ಸರಿದು ಅಂಗಿಯ ಬೆನ್ನೊಳಗೆ ನೀರಿನ ಬಾಟಲಿ ತುರುಕಿಕೊಂಡು ನಾಯಕನಿಗೆ ತಲುಪಿಸುವುದು: ಇದೆಲ್ಲ ಗುಂಪಿನೊಳಗೇ ಕಲಿಯಬೇಕಾದ ವಿದ್ಯೆ. ಸದಾ ಗುಂಪಿಗಿಂತ ಮುಂದಿದ್ದವನು ಕಲಿಯುವುದೆಲ್ಲಿ? ಪ್ರತಿಭೆ ಹೆಚ್ಚಿದ್ದಷ್ಟೂ ಈ ಕೊರತೆ ಹೆಚ್ಚು ಕಾಲ ಮುಚ್ಚಿರುತ್ತದೆ.

ಎವನೆಪೂಲ್ ಗೆದ್ದೇ ಗೆದ್ದರಲ್ಲ ಎನ್ನಬಹುದು. ನಿಜ, 2022ರಲ್ಲಿ ಸ್ಪೇನಿನ ವುವೆಲ್ಟಾ ಮತ್ತು ವಿಶ್ವ ರೋಡ್ ರೇಸ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ. ಆದರೆ ನಡುವಿನ ದಾರಿಯನ್ನೂ ನೋಡಬೇಕು. 2020ರ ಆಗಸ್ಟ್‌ನಲ್ಲಿ ಇಟಲಿಯ ಲೊಂಬಾರ್ಡಿಯಾ ರೇಸಿನ ಇಳಿಜಾರಿನಲ್ಲಿ ಸೇತುವೆಯ ಗೋಡೆಗೆ ಬಡಿದು ಕಂದರಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅನುಭವಿಗಳೂ ಬೀಳುತ್ತಾರೆ, ಆ ಅಪಘಾತವನ್ನು ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂಬತ್ತು ತಿಂಗಳ ನಂತರ ಮರಳಿದ್ದು 2021ರ ಜಿರೋ ದಿ ಇಟಾಲಿಯಾಗೆ, ಅವರ ಮೊದಲ ಮೂರು ವಾರಗಳ ರೇಸ್. ಮೊಂಟಾಲ್ಚೀನೊ ಹಾದಿಯ ಜಲ್ಲಿ ಧೂಳಿನಲ್ಲಿ ಮುಂದಿನವರಿಂದ ಕಳಚಿಕೊಂಡು, ಕಿವಿಯ ರೇಡಿಯೋ ಕಿತ್ತು, ಎರಡು ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಕೊನೆಗೆ ರೇಸನ್ನೇ ಬಿಟ್ಟರು. ಅವರ ತಂಡ ಕಾಯಿತು. ಹೊಸಬರ ಮೊದಲ ಒಪ್ಪಂದ ಸಾಮಾನ್ಯವಾಗಿ ಎರಡೇ ವರ್ಷದ್ದು. ಎಲ್ಲ ಹುಡುಗರಿಗೂ ಅಷ್ಟು ಕಾಯುವ ತಂಡ ಸಿಗುವುದಿಲ್ಲ.

ಇನ್ನು, ಪೊಗಾಚಾರ್ 21ಕ್ಕೇ ಟೂರ್ ಡಿ ಫ್ರಾನ್ಸ್ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದರು, ಆದರೆ ಮೆಟ್ಟಿಲು ಹಾರಿ ಅಲ್ಲ. 2017, 2018ರಲ್ಲಿ ತಾಯ್ನಾಡು ಸ್ಲೊವೇನಿಯಾದ ಚಿಕ್ಕ ತಂಡದಲ್ಲಿ ಪಳಗಿ, ಕಿರಿಯರ ಟೂರ್ ಎನಿಸಿದ ಟೂರ್ ಡಿ ಲಾವೆನೀರ್ ಗೆದ್ದ ಮೇಲೆಯೇ ದೊಡ್ಡ ತಂಡಕ್ಕೆ ಹೋದರು. ಈಗ ಹಲವು ದೊಡ್ಡ ತಂಡಗಳಿಗೆ ತಮ್ಮದೇ ಕಿರಿಯರ ತಂಡಗಳಿವೆ; ಹದಿನೆಂಟರ ಹುಡುಗನ ಮೊದಲ ಸಹಿ ಬೀಳಬೇಕಾದದ್ದು ಅಲ್ಲಿ. ಅವಸರದ ಬಲೆಗೆ ಬೀಳದೆ ನುಸುಳಿ ಹೋಗುವವರೂ ಇದ್ದಾರೆ. 2022, 2023ರ ಟೂರ್ ಗೆದ್ದ ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್ ಜೂನಿಯರ್ ಆಗಿದ್ದಾಗ ಹೆಸರು ಮಾಡಿದವರಲ್ಲ. ಚಿಕ್ಕ ತಂಡವೊಂದಕ್ಕೆ ಸೈಕಲ್ ತುಳಿಯುತ್ತಿದ್ದ ದಿನಗಳಲ್ಲಿ ಅವರು ಬೆಳಿಗ್ಗೆ ಮೀನಿನ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ತರಬೇತಿಗೆ ಹೊರಡುತ್ತಿದ್ದರು.