ಆಟವೂ ಪಂದ್ಯವೂ

ಮಕ್ಕಳ ಜಗಳದಲ್ಲಿ ತೀರ್ಪು ಹೇಳುವುದಕ್ಕಿಂತ ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳುವುದು ಸುಲಭ. ಎರಡನ್ನೂ ಮಾಡಿ ನೋಡಿದವನ ಮಾತಿದು. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ಹದಿನೇಳರ ಮಗನೂ ಹನ್ನೆರಡರ ಮಗಳೂ ಟಿ.ವಿ.ಯ ಮುಂದೆ ಕುಳಿತು 'ಸ್ಟ್ರೀಟ್ ಫೈಟರ್' ಎಂಬ ಕಾಳಗದ ವಿಡಿಯೋ ಆಟ ಆಡುತ್ತಿದ್ದರು. ಒಂದು ಸಂಜೆ ಮಗಳು ಕೈಯಲ್ಲಿದ್ದ ಕಂಟ್ರೋಲರನ್ನು ಕೆಳಗಿಟ್ಟು, "ಇನ್ನು ನಾನು ಆಡೋದಿಲ್ಲ. ಅಣ್ಣ ಮೂಲೆಗೆ ಅಟ್ಟಿ ಬರೀ ಎತ್ತಿ ಎತ್ತಿ ಎಸೀತಾನೆ" ಎಂದಳು.

ಹುಡುಗಿಯ ಕಣ್ಣಂಚಿನಲ್ಲಿ ನೀರು ಕಂಡ ಮೇಲೆ ನಾನು ವಾದ ಪ್ರತಿವಾದಗಳಿಗೆ ಕಾಯಲಿಲ್ಲ. ಬಲ್ಲವನು ಒಂದೇ ಪಟ್ಟನ್ನು ಮತ್ತೆ ಮತ್ತೆ ಹಾಕಿ ಎಳೆಯಳನ್ನು ಮಣಿಸುವುದು ಧರ್ಮವಲ್ಲವೆಂದು ಬಗೆದು, ಇನ್ನು ಮೇಲೆ ಎತ್ತಿ ಎಸೆಯಕೂಡದೆಂದು ಆಜ್ಞೆ ಹೊರಡಿಸಿದೆ. "ಹಾಗೆ ಮಾಡಿದ್ರೆ ಆಟಾನೇ ಕೆಡುತ್ತೆ, ಅಪ್ಪ" ಎಂದ ಮಗ. ಅದು ಮೊಕದ್ದಮೆ ಸೋತವನ ಗೊಣಗಾಟವೆಂದು ತಳ್ಳಿಹಾಕಿದೆ.

ಮರುದಿನ ನಾನೂ ನೋಡಲು ಕುಳಿತೆ. ಮಗಳು ಮೊದಲಿಗೆ ಹೇಗೋ ಒಂದೆರಡು ಪೆಟ್ಟು ಹೊಡೆದಳು. ಅನಂತರ ತನ್ನ ವೀರನನ್ನು ಕಾಪಿನ ಭಂಗಿಯಲ್ಲಿ ನಿಲ್ಲಿಸಿ ಗಡಿಯಾರ ನೋಡುತ್ತ ಉಳಿದುಬಿಟ್ಟಳು. ಕಾಲ ಮುಗಿದಾಗ ಯಾರಲ್ಲಿ ಪ್ರಾಣಬಲ ಹೆಚ್ಚು ಉಳಿದಿದೆಯೋ ಅವರಿಗೆ ಜಯವೆಂಬುದು ಆಟದ ನಿಯಮ. ಅಣ್ಣನ ಹೊಡೆತಗಳಲ್ಲಿ ಬಹುಪಾಲು ಕಾಪಿಗೆ ತಾಗಿ ವ್ಯರ್ಥವಾದವು. ಒಂದಾಟ ಅವಳು ಗೆದ್ದಳು, ಒಂದಾಟ ಅವನು, ಯಾವುದರಲ್ಲಿಯೂ ರುಚಿಯಿರಲಿಲ್ಲ. ಮೂರನೆಯ ಆಟಕ್ಕೆ ಅಣ್ಣ ಆಕಳಿಸಿದ. ನಾಲ್ಕನೆಯದಕ್ಕೆ ತಂಗಿಯೂ ಆಕಳಿಸಿದಳು. ನನ್ನ ತೀರ್ಪು ಅನ್ಯಾಯವನ್ನು ಅಳಿಸಹೋಗಿ ಆಟವನ್ನೇ ಅಳಿಸಿತ್ತು.

ಕಾರಣ ತಿಳಿಯಲು ಮಗನನ್ನೇ ಗುರುವಾಗಿ ಮಾಡಿಕೊಂಡೆ. ಈ ಆಟದ ಬುಡದಲ್ಲಿ ಮೂರು ಕ್ರಿಯೆಗಳಿವೆ: ಹೊಡೆಯುವುದು, ಕಾಪು ಹಿಡಿಯುವುದು, ಎತ್ತಿ ಎಸೆಯುವುದು. ಹೊಡೆತವನ್ನು ಕಾಪು ತಡೆಯುತ್ತದೆ. ಕಾಪನ್ನು ಮುರಿಯಲು ಮುಖ್ಯವಾದ ಉಪಾಯ ಎತ್ತೆಸೆತ. ಎತ್ತಲು ಬಂದವನನ್ನು ಸಕಾಲದ ಹೊಡೆತ ಕೆಡವುತ್ತದೆ. ಮೂರು ಕಾಲಿನ ಮಣೆಯಿದು. ಅದರ ಒಂದು ಕಾಲನ್ನು ನಾನು ಕಿತ್ತಿದ್ದೆ. ಸಮತೋಲವೆಂದರೆ ಎಲ್ಲವೂ ಸೌಮ್ಯವಾಗಿರುವುದಲ್ಲ. ಪ್ರತಿಯೊಂದು ಪ್ರಬಲ ಪಟ್ಟಿಗೂ ಒಂದು ಪ್ರತಿಪಟ್ಟು ಇರುವುದು.

ಈ ತಪ್ಪು ನನ್ನೊಬ್ಬನದೇ ಅಲ್ಲವೆಂದು ಓದಿ ತಿಳಿದಾಗ ತುಸು ಸಮಾಧಾನವಾಯಿತು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ೧೯೯೧ರಲ್ಲಿ 'ಸ್ಟ್ರೀಟ್ ಫೈಟರ್ ೨' ಆಟವನ್ನು ಹೊರತಂದ ಮೇಲೆ, ಅಮೆರಿಕದ ಆಟದಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹುಡುಗರಲ್ಲಿಯೂ ಎತ್ತೆಸೆತವನ್ನು ಹೀನಕಾರ್ಯವೆಂದು ಹಳಿಯುವವರಿದ್ದರು. ಪಂದ್ಯಗಳಲ್ಲಿ ಆಡಿ, ಮುಂದೆ ಆಟಗಳ ರಚನೆಗೂ ಕೈಹಾಕಿದ ಡೇವಿಡ್ ಸರ್ಲಿನ್ ಇಂಥವರನ್ನು ಕಟುವಾಗಿ ಟೀಕಿಸಿದ್ದಾರೆ. ಆಟವೇ ಒಪ್ಪಿದ್ದನ್ನು ತನ್ನ ಮನಸ್ಸಿನ ಕಟ್ಟಳೆಯಿಂದ ತಡೆದುಕೊಂಡವನು ಆಟವನ್ನು ಪೂರ್ತಿಯಾಗಿ ಆಡುತ್ತಲೇ ಇಲ್ಲವೆಂಬುದು ಅವರ ವಾದದ ತಿರುಳು.

ಹಾಗಾದರೆ ನಿಷೇಧವೇ ಕೂಡದೆ? ಪಂದ್ಯದವರೂ ಹಾಗೆ ಹೇಳುವುದಿಲ್ಲ. ೧೯೯೧ರ ಆಟದಲ್ಲಿ ಆರಿಸಿಕೊಳ್ಳಲು ಎಂಟು ವೀರರಿದ್ದರು; ಕೈಕಾಲುಗಳನ್ನು ಮಾರುದ್ದ ಚಾಚಬಲ್ಲ ಧಾಲ್ಸಿಮ್ ಎಂಬ ಭಾರತದ ಯೋಗಿಯೂ ಅವರಲ್ಲೊಬ್ಬ. ಇಬ್ಬರು ಆಟಗಾರರು ಒಬ್ಬನನ್ನೇ ಆರಿಸುವಂತಿರಲಿಲ್ಲ. ೧೯೯೨ರ ಪರಿಷ್ಕೃತ ಆವೃತ್ತಿ ಅದಕ್ಕೆ ಅವಕಾಶ ಕೊಟ್ಟಿತು. ಬಲಿಷ್ಠನೊಬ್ಬನಿದ್ದರೆ ಇಬ್ಬರಿಗೂ ಅವನು ದೊರೆಯುವಂತಾಯಿತು. ೧೯೯೪ರ ಆವೃತ್ತಿಯಲ್ಲಿ ಅಕುಮ ಎಂಬ ಗುಪ್ತ ವೀರನೊಬ್ಬ ಬಂದ. ಮೇಲಕ್ಕೆ ನೆಗೆದು ಅಲ್ಲಿಂದಲೇ ಬೆಂಕಿಯುಂಡೆಗಳನ್ನೆಸೆಯುವ ಅವನಿಗೆ ಅನೇಕ ವೀರರಲ್ಲಿ ತಕ್ಕ ಉತ್ತರವೇ ಇರಲಿಲ್ಲ. ಅಮೆರಿಕದ ಪಂದ್ಯಗಳಲ್ಲಿ ಅವನನ್ನು ಹೊರಗಿಟ್ಟರು. ನನ್ನ ನಿಷೇಧಕ್ಕೂ ಈ ನಿಷೇಧಕ್ಕೂ ಇರುವ ಅಂತರ ಇಷ್ಟೆ: ಉತ್ತರವಿರುವುದನ್ನು ತಡೆದರೆ ಆಟ ಬಡವಾಗುತ್ತದೆ, ಉತ್ತರವಿಲ್ಲದ್ದನ್ನು ತಡೆದರೆ ಉಳಿದವರೆಲ್ಲರಿಗೂ ಎಡೆ ದೊರೆಯುತ್ತದೆ.

ಪಂದ್ಯದ ನಿಷ್ಠುರತೆಯಲ್ಲಿ ಒಂದು ಸೌಂದರ್ಯವೂ ಉಂಟು. ಮಗ ನನಗೊಂದು ಹಳೆಯ ಚಿತ್ರಣವನ್ನು ತೋರಿಸಿದ. ೨೦೦೪ರಲ್ಲಿ ಕ್ಯಾಲಿಫೋರ್ನಿಯದ ಪೊಮೋನದಲ್ಲಿ ನಡೆದ 'ಈವೊ' ಪಂದ್ಯಾವಳಿ; 'ಸ್ಟ್ರೀಟ್ ಫೈಟರ್ ೩' ಸರಣಿಯ ಆಟ. ಜಪಾನಿನ ಡೈಗೊ ಉಮೆಹಾರ ಆಡಿಸುತ್ತಿದ್ದ ಕೆನ್ ಎಂಬ ವೀರನಲ್ಲಿ ಕೂದಲೆಳೆಯಷ್ಟು ಪ್ರಾಣ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್ ತನ್ನ ಚುನ್-ಲೀಯಿಂದ ಹದಿನೈದು ಹೊಡೆತಗಳ ಮಹಾಸ್ತ್ರವನ್ನು ಬಿಟ್ಟರು. ಕಾಪು ಹಿಡಿದರೂ ಸಾವು ನಿಶ್ಚಯ; ಕಾಪಿನೊಳಗಿಂದಲೂ ಸ್ವಲ್ಪ ಪ್ರಾಣ ಸೋರುತ್ತದೆ. ಉಳಿದ ದಾರಿ ಒಂದೆ: ಪ್ರತಿಯೊಂದು ಹೊಡೆತವೂ ತಾಗುವ ಕ್ಷಣಕ್ಕೆ ಸರಿಯಾಗಿ ಎದುರಾಳಿಯ ಕಡೆಗೇ ಸನ್ನೆಕೋಲನ್ನು ತಟ್ಟುವುದು. ಉಮೆಹಾರ ಹದಿನೈದನ್ನೂ ಹಾಗೆ ತಳ್ಳಿ, ಮರುದಾಳಿಯಲ್ಲಿ ಗೆದ್ದರು. ಆ ಪಂದ್ಯಾವಳಿಯ ಕಡೆಯ ಜಯ ಅವರಿಗೆ ದಕ್ಕಲಿಲ್ಲ. ಆದರೂ ಜನ ನೆನೆಯುವುದು ಆ ಕ್ಷಣವನ್ನು. ವಾಂಗ್ ದಾಕ್ಷಿಣ್ಯ ತೋರಿಸಿದ್ದರೆ ಆ ಕ್ಷಣ ಹುಟ್ಟುತ್ತಲೇ ಇರಲಿಲ್ಲ.

ಆದರೆ ನನ್ನ ನಡುಮನೆ ಪೊಮೋನವಲ್ಲ. ಅಲ್ಲಿಗೆ ಬಂದ ಇಬ್ಬರೂ ಗೆಲ್ಲಲೆಂದೇ ಬಂದವರು. ಸೋತವನು ಎದ್ದುಹೋದರೆ ಮುಂದಿನವನು ಬರುತ್ತಾನೆ. ಇಲ್ಲಿ ತಂಗಿ ಎದ್ದುಹೋದರೆ ಆಟಕ್ಕೆ ಮತ್ತೊಬ್ಬರಿಲ್ಲ. ಆಟದ ರಚಕರು ವೀರ ವೀರರ ನಡುವೆ ತಕ್ಕಡಿ ಹಿಡಿಯಬಲ್ಲರು. ಹದಿನೇಳರ ಬೆರಳಿಗೂ ಹನ್ನೆರಡರ ಬೆರಳಿಗೂ ನಡುವಣ ತಕ್ಕಡಿಯನ್ನು ಆಡುವವರೇ ಹಿಡಿಯಬೇಕು. ಇದನ್ನು ಕ್ಯಾಪ್‌ಕಾಮ್‌ನವರೂ ಕಂಡುಕೊಂಡಂತಿದೆ. ನಮ್ಮ ಮನೆಯಲ್ಲಿರುವುದು ೨೦೨೩ರಲ್ಲಿ ಬಂದ ಆರನೆಯ ಆಟ. ಅದರಲ್ಲಿ 'ಮಾಡರ್ನ್' ಎಂಬ ಸುಲಭ ಪದ್ಧತಿಯೊಂದಿದೆ. ಸನ್ನೆಕೋಲನ್ನು ಸುತ್ತಿಸಿ ಮಾಡಬೇಕಾದ ವಿಶೇಷ ಹೊಡೆತ ಒಂದೇ ಗುಂಡಿಗೆ ಬರುತ್ತದೆ. ಹಾಗೆ ಬಂದ ಹೊಡೆತದ ಬಲದಲ್ಲಿ ಐದರಲ್ಲೊಂದು ಪಾಲು ಕಡಿತ. ಇದರಿಂದ ಸಾಧನೆಗೆ ಬೆಲೆಯಿಲ್ಲದಾಯಿತೆಂದು ನುರಿತವರಲ್ಲಿ ಕೆಲವರು ಗೊಣಗಿದ್ದುಂಟು. ಹೊಸಬನಿಗೆ ಬಾಗಿಲು ತೆರೆದು, ಅದಕ್ಕೊಂದು ಸುಂಕವನ್ನೂ ಇಟ್ಟಿರುವುದು ನನಗಂತೂ ವಿವೇಕವಾಗಿ ಕಾಣುತ್ತದೆ.

ನನ್ನ ಮೊದಲ ತೀರ್ಪನ್ನು ಹಿಂತೆಗೆದುಕೊಂಡೆ. ಎತ್ತಿ ಎಸೆಯಬಹುದು. ಆದರೆ ಅಣ್ಣ ತನಗೆ ಪಳಗದ ಧಾಲ್ಸಿಮ್‌ನನ್ನು ಆಡಿಸಬೇಕು. ತಂಗಿ ಸುಲಭ ಪದ್ಧತಿಯಲ್ಲಿ ಆಡಲಿ. ಎಲ್ಲಕ್ಕೂ ಮೊದಲು, ಎತ್ತೆಸೆತದಿಂದ ಬಿಡಿಸಿಕೊಳ್ಳುವ ಬಗೆಯನ್ನು ಅವನೇ ಅವಳಿಗೆ ಕಲಿಸಬೇಕು. ಎದುರಾಳಿ ಹಿಡಿದ ಕ್ಷಣಕ್ಕೇ ತಾನೂ ಹಿಡಿತದ ಗುಂಡಿ ಒತ್ತಿದರೆ ಪಟ್ಟು ಬಿಡುತ್ತದಂತೆ. ಅರ್ಧ ಗಂಟೆ ಪಾಠ ನಡೆಯಿತು. ನನ್ನ ತರಗತಿಗಳಲ್ಲಿ ಅಷ್ಟು ಶ್ರದ್ಧೆಯನ್ನು ನಾನು ಕಂಡದ್ದು ಅಪರೂಪ.

ಆ ಸಂಜೆ ಮೂಲೆಗೆ ಸಿಕ್ಕಿದ ಮಗಳು ಮೊದಲ ಸಲ ಹಿಡಿತವನ್ನು ಬಿಡಿಸಿಕೊಂಡು ಕಿರುಚಿದಳು. ಮುಂದಿನ ಸಲ ಅಣ್ಣ ಹಿಡಿಯುವಂತೆ ಬಂದು, ತಡೆದು ನಿಂತು, ಬಿಡಿಸಿಕೊಳ್ಳಲು ಆತುರಪಟ್ಟ ಅವಳಿಗೆ ಹೊಡೆದ. ಸೋತವಳು ಅವಳೇ. ನಾನು ಅವಳ ಕಣ್ಣಂಚನ್ನೇ ನೋಡುತ್ತಿದ್ದೆ.

"ಓ, ನೀನು ಕಾಯ್ತಿದ್ಯಾ! ಇರು, ಇನ್ನೊಂದಾಟ" ಎಂದಳು. ಕಂಟ್ರೋಲರು ಕೈಯಲ್ಲಿಯೇ ಇತ್ತು.