ನೂರು ಡೆಸಿಬೆಲ್ ತಕರಾರು

2002ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಂಗಡಿಗಳಿಂದ ಆ್ಯಪಲ್ ಕಂಪನಿಯ ಐಪಾಡ್ ಏಕಾಏಕಿ ಕಾಣೆಯಾಯಿತು. ಸ್ಟಾಕ್ ಮುಗಿದಿರಲಿಲ್ಲ, ಗಿರಾಕಿಗಳಿಗೂ ಬರವಿರಲಿಲ್ಲ. ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಯಾವ ಸಾಧನವೂ 100 ಡೆಸಿಬೆಲ್ ದಾಟಿ ಸದ್ದು ಮಾಡಕೂಡದು ಎಂದು ಅಲ್ಲಿ 1990ರ ದಶಕದಲ್ಲೇ ಕಾನೂನಾಗಿತ್ತು, ಐಪಾಡ್ ಆ ಗೆರೆ ದಾಟಿತ್ತು. ಆ್ಯಪಲ್ ಸಾಫ್ಟ್‌ವೇರ್ ತಿದ್ದಿ ಸದ್ದು ತಗ್ಗಿಸಿತು, ಐಪಾಡ್ ಮತ್ತೆ ಮಾರಾಟಕ್ಕೆ ಬಂತು.

ಅಮೆರಿಕದಲ್ಲಿ ಕಥೆ ಬೇರೆಯೇ ಆಯಿತು. ಇದೇ ಐಪಾಡ್ 115 ಡೆಸಿಬೆಲ್‌ವರೆಗೆ ಕೂಗಬಲ್ಲದು, ಕಿವಿ ಹಾಳಾದರೆ ಹೊಣೆ ಯಾರು ಎಂದು 2006ರಲ್ಲಿ ಗ್ರಾಹಕರು ಕೋರ್ಟು ಹತ್ತಿದರು. ಕೆಲವೇ ವಾರಗಳಲ್ಲಿ ಆ್ಯಪಲ್, ವಾಲ್ಯೂಮಿಗೆ ಮಿತಿ ಹಾಕಿಕೊಳ್ಳುವ ಸೆಟ್ಟಿಂಗ್ ಕೊಟ್ಟಿತು. ಆದರೆ 2009ರ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಗ್ರಾಹಕರ ವಾದವನ್ನು ತಳ್ಳಿಹಾಕಿತು. ವಾಲ್ಯೂಮ್ ಎಷ್ಟಿಡಬೇಕೆನ್ನುವುದು ಬಳಸುವವರ ಕೈಯಲ್ಲೇ ಇದೆಯಲ್ಲ ಎಂಬುದು ತೀರ್ಪಿನ ಧಾಟಿ.

ಇಂದಿನ ಫೋನುಗಳು ಈ ಎರಡು ದೇಶಗಳ ನಡುವಿನ ದಾರಿ ಹಿಡಿದಿವೆ. ಇಯರ್‌ಫೋನ್ ಸಿಕ್ಕಿಸಿ ವಾಲ್ಯೂಮ್ ಬಟನ್ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ: ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಕಿವಿಗೆ ಹಾನಿಯಾದೀತು, ಆದರೂ ಏರಿಸಬೇಕೆ? ಇದರ ಮೂಲ ಯುರೋಪಿನ ನಿಯಮ. ಸಾಧನ ಸಾಮಾನ್ಯವಾಗಿ 85 ಡೆಸಿಬೆಲ್‌ಗೆ ನಿಲ್ಲಬೇಕು. ಮೇಲೇರಿಸಬೇಕಾದರೆ ಬಳಕೆದಾರ ಬೇಕೆಂದೇ ಒಪ್ಪಿಗೆ ಕೊಡಬೇಕು. ಏನೇ ಆದರೂ 100 ದಾಟುವಂತಿಲ್ಲ. ಒಮ್ಮೆ ‘ಓಕೆ’ ಎಂದವರು ಇಪ್ಪತ್ತು ಗಂಟೆ ಹಾಡು ಕೇಳಿದ ಮೇಲೆ ಸಾಧನ ಮತ್ತೆ ಒಪ್ಪಿಗೆ ಕೇಳಬೇಕು. ಹೆಚ್ಚಿನವರು ಓದದೆಯೇ ‘ಓಕೆ’ ಒತ್ತುತ್ತಾರೆ ಎನ್ನುವುದು ಬಸ್ಸಿನಲ್ಲಿ ಪಕ್ಕದವರ ಫೋನ್ ಕದ್ದು ನೋಡಿದವರಿಗೆಲ್ಲ ಗೊತ್ತು.

85ಕ್ಕೂ 100ಕ್ಕೂ ಹದಿನೈದೇ ವ್ಯತ್ಯಾಸ, ಅಷ್ಟಕ್ಕೆ ಯಾಕಿಷ್ಟು ರಂಪ? ಡೆಸಿಬೆಲ್ ಲೆಕ್ಕ ಸೇರು-ಪಾವಿನ ಲೆಕ್ಕದಂತಲ್ಲ. ಮೂರು ಡೆಸಿಬೆಲ್ ಏರಿದರೆ ಕಿವಿಯೊಳಗೆ ಹೋಗುವ ಶಕ್ತಿ ಇಮ್ಮಡಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನದಂಡದ ಪ್ರಕಾರ ದೊಡ್ಡವರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು. 83ಕ್ಕೆ ಏರಿಸಿದರೆ 20 ಗಂಟೆ, 86ಕ್ಕೆ 10. ಹೀಗೆ ಇಳಿಯುತ್ತ ಬಂದರೆ 100 ಡೆಸಿಬೆಲ್‌ನಲ್ಲಿ ಬರೀ 24 ನಿಮಿಷ. ಅಂದರೆ ಯುರೋಪಿನ ಕಾನೂನು ಒಪ್ಪುವ ತುತ್ತತುದಿಯಲ್ಲೇ ಕೇಳಿದರೂ ಐದಾರು ಸಿನಿಮಾ ಹಾಡು ಮುಗಿಯುವಷ್ಟರಲ್ಲಿ ವಾರದ ಪಾಲು ಖಾಲಿ. ಮಕ್ಕಳಿಗೆ ಈ ಮಿತಿ ಇನ್ನೂ ಬಿಗಿ: 40 ಗಂಟೆಗೆ 75 ಡೆಸಿಬೆಲ್. ‘ಮಕ್ಕಳಿಗೆ ಸುರಕ್ಷಿತ, 85 ಡೆಸಿಬೆಲ್ ಮಿತಿ’ ಎಂದು ಡಬ್ಬಿಯ ಮೇಲೆ ಬರೆದುಕೊಂಡ ಹೆಡ್‌ಫೋನ್ ಕೊಳ್ಳುವ ಅಪ್ಪ-ಅಮ್ಮಂದಿರು ಈ ಹತ್ತರ ಅಂತರವನ್ನು ಗಮನಿಸುವುದು ಒಳ್ಳೆಯದು.

ಪೆಟ್ಟು ತಿನ್ನುವುದು ಒಳಗಿವಿಯ ಶಂಖದಂಥ ಭಾಗದಲ್ಲಿರುವ ಕೂದಲುಕೋಶಗಳು. ಒಂದು ಕಿವಿಗೆ ಸುಮಾರು 15,000. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವೆ, ಮನುಷ್ಯನಿಗೆ ಆ ಭಾಗ್ಯವಿಲ್ಲ. ಸದ್ದಿನಿಂದಾಗುವ ಹಾನಿ ಮೊದಲು ಕಾಣಿಸಿಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಹಾಗಾಗಿ ಮಾತೇನೋ ಕೇಳುತ್ತದೆ, ಆದರೆ ಸ, ಶ, ತ ಮಬ್ಬಾಗುತ್ತವೆ. ಎದುರಿನವರು ಗೊಣಗುತ್ತಿದ್ದಾರೆ ಅನ್ನಿಸುತ್ತದೆ. ಕೆಲವರಿಗೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಶುರುವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಮಾಡುವ ಆಡಿಯೋಗ್ರಾಮ್ ಪರೀಕ್ಷೆಯಲ್ಲಿ ಇದು ಗ್ರಾಫಿನ ಬಲಬದಿಗೆ ಒಂದು ಗುಳಿಯಾಗಿ ಬೀಳುತ್ತದೆ.

ಇನ್ನು ಫೋನಿನ ಮಿತಿಯೊಳಗಿನ ದೊಡ್ಡ ತೂತು. ವಾಲ್ಯೂಮ್ ಗೆರೆ ತೋರಿಸುವುದು ಡೆಸಿಬೆಲ್ ಅಲ್ಲ, ಶೇಕಡಾವಾರು. ವೈರಿನ ಇಯರ್‌ಫೋನ್ ಯಾವುದೆಂದು ಫೋನಿಗೆ ಗೊತ್ತಾಗುವುದೇ ಅಪರೂಪ. ಒಂದೇ ಗೆರೆಯಲ್ಲಿ ಒಂದು ಜೊತೆ ಇನ್ನೊಂದಕ್ಕಿಂತ 10 ಡೆಸಿಬೆಲ್ ಜೋರಾಗಿರಬಹುದು. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಸದ್ದು. ಫುಟ್‌ಪಾತಿನಲ್ಲಿ ಕೊಂಡ ಇಯರ್‌ಫೋನಿಗೆ ‘ಅರವತ್ತು ಪರ್ಸೆಂಟ್ ದಾಟಬೇಡಿ’ ಎಂಬ ಬುದ್ಧಿಮಾತು ಅಂದಾಜಿಗಿಂತ ಹೆಚ್ಚೇನಲ್ಲ. ತೂತನ್ನು ಹುಡುಕಿಕೊಂಡು ಹೋಗುವವರೂ ಉಂಟು. ಆ್ಯಪಲ್ ಮಾರುವ ಪುಟ್ಟ ಹೆಡ್‌ಫೋನ್ ಅಡಾಪ್ಟರ್ ಯುರೋಪಿನಲ್ಲಿ ಅರ್ಧ ವೋಲ್ಟ್ ಕೊಟ್ಟರೆ ಅಮೆರಿಕದ್ದು ಒಂದು ವೋಲ್ಟ್ ಕೊಡುತ್ತದೆ. ದೊಡ್ಡ ಹೆಡ್‌ಫೋನ್ ಇಟ್ಟುಕೊಂಡ ಯುರೋಪಿನ ಸಂಗೀತಪ್ರಿಯರು ಅಮೆರಿಕದ್ದನ್ನೇ ತರಿಸಿಕೊಳ್ಳುತ್ತಾರೆ.

ಅಷ್ಟಕ್ಕೂ ಜನ ವಾಲ್ಯೂಮ್ ಏರಿಸುವುದು ಚಟಕ್ಕಿಂತ ಹೆಚ್ಚಾಗಿ ಹೊರಗಿನ ಗದ್ದಲದಿಂದ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ಕೂತವರು ಹಾರನ್ನಿನ ಮೇಲೆ ಹಾಡು ಕೇಳಿಸಿಕೊಳ್ಳಬೇಕು. 1978ರಲ್ಲಿ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ, ಆಡಿಯೋ ಕಂಪನಿ ಕಟ್ಟಿದ್ದ ಅಮರ್ ಬೋಸ್ ಅವರಿಗೂ ಇದೇ ಪಾಡು. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಮೊರೆತ ಬಿಟ್ಟರೆ ಸಂಗೀತ ಸರಿಯಾಗಿ ಕೇಳಲಿಲ್ಲ. ಅಲ್ಲೇ ಕೂತು ಗಣಿತ ಶುರುಮಾಡಿದರು. ಹೊರಗಿನ ಸದ್ದಿಗೆ ಉಲ್ಟಾ ಅಲೆ ಹುಟ್ಟಿಸಿ ಅದನ್ನು ಅಳಿಸುವ ಹೆಡ್‌ಫೋನ್ ಅವರ ಕಂಪನಿಯಿಂದ ಬಂತು. ಗದ್ದಲ ತಗ್ಗಿದರೆ ವಾಲ್ಯೂಮ್ ತಾನಾಗಿ ತಗ್ಗುತ್ತದೆ. ಎಚ್ಚರಿಕೆಯ ಪೆಟ್ಟಿಗೆಗಿಂತ ಇದು ಹೆಚ್ಚು ಕೆಲಸ ಮಾಡುವ ಉಪಾಯ ಎನ್ನಬೇಕು. ಹಾಗಂತ ಅದನ್ನು ಹಾಕಿಕೊಂಡು ರಸ್ತೆ ದಾಟಬೇಡಿ.

ಹೊಸ ಫೋನುಗಳು ಗೆರೆಯನ್ನು ಬಿಟ್ಟು ಲೆಕ್ಕಕ್ಕೆ ಇಳಿದಿವೆ. ಐಫೋನಿನ ಹೆಡ್‌ಫೋನ್ ಸೇಫ್ಟಿ ಸೆಟ್ಟಿಂಗ್‌ನಲ್ಲಿ 75ರಿಂದ 100 ಡೆಸಿಬೆಲ್ ನಡುವೆ ಮಿತಿ ಆರಿಸಬಹುದು. ವಾರದಲ್ಲಿ ಕೇಳಿದ್ದು ಅತಿಯಾದರೆ ಅದು ಸೂಚನೆ ಕಳಿಸುತ್ತದೆ. 2023ರ ಆಂಡ್ರಾಯ್ಡ್ 14ರಲ್ಲೂ ಹೀಗೆ ಸದ್ದಿನ ಮೊತ್ತ ಕೂಡಿಸುವ ಏರ್ಪಾಡಿದೆ. ಆದರೆ ಲೆಕ್ಕವಿರುವುದು ಫೋನಿನದು, ಕಿವಿಯದಲ್ಲ. ಅಮ್ಮ ಕೇಳಿದ ಭಜನೆ, ಮಗ ಆಡಿದ ಗೇಮ್ ಒಂದೇ ಫೋನಿನಲ್ಲಾದರೆ ಎರಡೂ ಒಂದೇ ಖಾತೆಗೆ ಬೀಳುತ್ತವೆ. ಅದೇ ಮಗ ಲ್ಯಾಪ್‌ಟಾಪಿನಲ್ಲಿ ಕೇಳಿದ ಆನ್‌ಲೈನ್ ಪಾಠ, ಗಣೇಶನ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆ ಕುಣಿದ ಎರಡು ಗಂಟೆ, ಇವು ಯಾವ ಫೋನಿನ ಖಾತೆಯಲ್ಲೂ ಇಲ್ಲ.