ಎಡಕ್ಕೆ ಹೊಳ್ಳಿದ ಸೈಕಲ್

ನಿವೃತ್ತನಾದ ಮೇಲೂ ನನ್ನ ಸೈಕಲ್ಲಿಗೆ ಗೊತ್ತಿದ್ದುದು ಒಂದೇ ದಾರಿ. ಬೆಳಿಗ್ಗೆ ಆರಕ್ಕೆ ಕೊಪ್ಪಳದ ರಸ್ತೆ, ಅದೇ ಚಹಾದಂಗಡಿ, ಅದೇ ಮಾತು, ವಾಪಸ್ ಮನೆ. ಬೇಸತ್ತು ಸೈಕಲ್ ಮಾರಿಬಿಡೋಣ ಅಂದುಕೊಂಡಿದ್ದೆ. ರಜೆಗೆ ಬಂದ ಮೊಮ್ಮಗಳು ಕ್ಯಾರಿಯರ್ ಹತ್ತಿ, “ಅಜ್ಜಾ, ದಿನಾ ಅದ ದಾರಿ ಯಾಕ? ಇವತ್ತ ಎಡಕ್ಕ ಹೊಳ್ಳಸು” ಅಂದಳು. ಹೊಳ್ಳಿಸಿದೆ.

ನಮ್ಮ ಕಿನ್ನಾಳದ ಚಿತ್ರಗಾರರ ಮನೆಗಳು ಅಲ್ಲಿ. ಕಟ್ಟೆಯ ಮೇಲೆ ಹಿರಿಯರೊಬ್ಬರು ಹುಣಸೆ ಬೀಜದ ಅಂಟು ಹಚ್ಚಿ ಗೊಂಬೆಗೆ ಕೈ ಜೋಡಿಸುತ್ತಿದ್ದರು. ಪೊಳಕಿ ಮರದ ತುಂಡೊಂದನ್ನು ಮೊಮ್ಮಗಳ ಅಂಗೈಗಿಟ್ಟರು. ಇದೆಯೋ ಇಲ್ಲವೋ ಅನ್ನುವಷ್ಟು ಹಗುರ! ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು, ಹುಣಸೆ ಅಂಟು ಬೆರೆಸಿದರೆ ‘ಕಿಟ್ಟ’. ಗೊಂಬೆಯ ಮೈಗೆ ಮೆತ್ತುವುದು ಅದನ್ನೇ. ಮೇಲೆ ಬಿಳಿ ಬಳಿದು, ಆಮೇಲೆ ಬಣ್ಣ.

ನನಗೆ ನಾಚಿಕೆಯಾಯಿತು. ಸಾಲದ ಅರ್ಜಿಗಳಲ್ಲಿ ‘ಗೊಂಬೆ ತಯಾರಿಕೆ’ ಎಂದು ಎಷ್ಟೋ ಸಲ ಬರೆದವನು, ಒಮ್ಮೆಯೂ ಬಂದು ನೋಡಿರಲಿಲ್ಲ. ಹಿರಿಯರು ನಕ್ಕು, “ಈಗರ ಬಂದ್ರಲ್ರೀ ಸಾಹೇಬ್ರ, ಕುಂಡ್ರಿ” ಅಂದರು.

ಈಗ ವಾರಕ್ಕೆರಡು ದಿನ ಆ ಕಟ್ಟೆಗೆ. ಉಳಿದ ದಿನ ಮೊಮ್ಮಗಳು ಫೋನಿನಲ್ಲಿ ಹೇಳಿದ ದಿಕ್ಕಿಗೆ. ಮೊಣಕಾಲು ನೋಯುತ್ತದೆ, ಸುಳ್ಳೇಕೆ? ಆದರೂ ಮೊನ್ನೆ ಹೊಸ ಟೈರ್ ಹಾಕಿಸಿದೆ.